ಶಾಲು ಹೊದಿಸಿದ್ದು ಸಾಕು, ವರದಿ ಓದೋಣ

ಬಡವರ ನಡುವೆ ಕೆಲಸ ಮಾಡುವ ವೈದ್ಯರ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಿಗೆ ಒಂದು ಅಚ್ಚಿದೆ. ಚಿನ್ನದ ಪದಕ ಪಡೆದ ವಿದ್ಯಾರ್ಥಿ, ಕೈಬಿಟ್ಟ ವಿದೇಶದ ಅವಕಾಶ, ಕಾಡಿನಂಚಿನ ಗುಡಿಸಲು, ಮೊದಲು ನಂಬದ ಜನ, ಆಮೇಲೆ ‘ದೇವರು’ ಎಂದು ಕೈಮುಗಿದ ಅದೇ ಜನ, ಪ್ರಶಸ್ತಿ, ಅದರ ನಂತರವೂ ಬದಲಾಗದ ಖಾದಿ ಅಂಗಿ. ಕೊನೆಗೆ ‘ಇಂಥವರ ಸಂತತಿ ಸಾವಿರವಾಗಲಿ’. ಕನ್ನಡದ ವ್ಯಕ್ತಿಚಿತ್ರಗಳು ಮತ್ತು ಅಭಿನಂದನಾ ಗ್ರಂಥಗಳೇ ನನ್ನ ಪಿಎಚ್‌ಡಿ ವಿಷಯವಾದ್ದರಿಂದ ಇಂಥವನ್ನು ರಾಶಿಗಟ್ಟಲೆ ಓದಿದ್ದೇನೆ. ವೈದ್ಯರ ಊಟ, ನಿದ್ದೆ, ಚಪ್ಪಲಿ ಎಲ್ಲದರ ವಿವರವೂ ಅವುಗಳಲ್ಲಿ ಸಿಗುತ್ತದೆ. ಆ ವೈದ್ಯರು ಏನನ್ನು ಕಂಡುಹಿಡಿದರು ಎಂಬುದು ಮಾತ್ರ ಸಿಗುವುದು ಅಪರೂಪ.

ಇದನ್ನು ನಾನು ಮರೆವು ಎಂದು ಕರೆಯಲಾರೆ. ಇದೊಂದು ಅನುಕೂಲ. ಸೇವೆಗೆ ಕೈಮುಗಿದು ಮನೆಗೆ ಹೋಗಬಹುದು. ಸಂಶೋಧನೆಯನ್ನು ಓದಿದರೆ ಅದಕ್ಕೆ ಯಾರೋ ಉತ್ತರ ಕೊಡಬೇಕಾಗುತ್ತದೆ, ಆ ಯಾರೋ ಎಂಬುವರಲ್ಲಿ ನಾವೂ ಇರುವ ಸಾಧ್ಯತೆ ಹೆಚ್ಚು.

ನಮ್ಮದೇ ಡಾ. ಎಚ್. ಸುದರ್ಶನ್ ಅವರನ್ನು ತೆಗೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟ, ಸೋಲಿಗರು, 1981ರಲ್ಲಿ ಶುರುವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1994ರ ರೈಟ್ ಲೈವ್ಲಿಹುಡ್ ಪ್ರಶಸ್ತಿ: ಇಷ್ಟು ಶಾಲಾ ಮಕ್ಕಳಿಗೂ ಗೊತ್ತು. ಇದೇ ಸುದರ್ಶನ್ 1999ರಲ್ಲಿ ಕರ್ನಾಟಕ ಸರ್ಕಾರ ನೇಮಿಸಿದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿದ್ದರು. 2001ರ ಏಪ್ರಿಲ್‌ನಲ್ಲಿ ಬಂದ ಅದರ ವರದಿ ರಾಜ್ಯದ ಆರೋಗ್ಯ ವ್ಯವಸ್ಥೆಯ ಮುಖ್ಯ ಕಾಯಿಲೆಗಳನ್ನು ಹೆಸರಿಸುವಾಗ ಭ್ರಷ್ಟಾಚಾರವನ್ನೂ ಅವುಗಳ ಸಾಲಿಗೇ ಸೇರಿಸಿತು. ಉತ್ತರ ಕರ್ನಾಟಕಕ್ಕೂ ದಕ್ಷಿಣಕ್ಕೂ ನಡುವಿನ ಅಂತರವನ್ನು ದಾಖಲಿಸಿತು. ಆಮೇಲೆ ಅವರು ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತಿ ಹೊಣೆ ಹೊತ್ತರು. ನಾನು ಓದಿದ ವ್ಯಕ್ತಿಚಿತ್ರಗಳಲ್ಲಿ ಬೆಟ್ಟದ ಮೇಲಿನ ದಿನಗಳಿಗೆ ಪುಟಗಟ್ಟಲೆ ಜಾಗವಿದೆ, ಈ ವರದಿಗೆ ಹೆಚ್ಚೆಂದರೆ ಒಂದು ಸಾಲು. ಬೆಟ್ಟದ ಮೇಲಿರುವ ವೈದ್ಯ ನಮಗೆ ಇಷ್ಟ. ಬೆಂಗಳೂರಿಗೆ ಇಳಿದು ಲೆಕ್ಕ ಕೇಳುವ ವೈದ್ಯನನ್ನು ಎಲ್ಲಿ ಕೂರಿಸಬೇಕೆಂದು ನಮಗೆ ತಿಳಿಯುವುದಿಲ್ಲ.

‘ಅರಿವಿನ ಕೊರತೆ’ ಎಂಬ ಪದಜೋಡಿಯನ್ನು ಸ್ವಲ್ಪ ನೋಡೋಣ. ಆದಿವಾಸಿಗಳು ಆಸ್ಪತ್ರೆಗೆ ಯಾಕೆ ಬರುವುದಿಲ್ಲ? ಅರಿವಿನ ಕೊರತೆ. ಹೆಣ್ಣುಮಕ್ಕಳು ಕಾಯಿಲೆ ಯಾಕೆ ಮುಚ್ಚಿಡುತ್ತಾರೆ? ಅರಿವಿನ ಕೊರತೆ. ವಿಚಾರ ಸಂಕಿರಣಗಳಲ್ಲಿ ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್, ಅಭಯ್ ಬಂಗ್ ಎಂಬ ವೈದ್ಯ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಶೇ. 92ರಷ್ಟು ಹೆಂಗಸರಲ್ಲಿ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಪರೀಕ್ಷೆ, ಚಿಕಿತ್ಸೆ ಸಿಕ್ಕಿದ್ದವರು ಶೇ. 8 ಮಾತ್ರ. ಅರ್ಧಕ್ಕಿಂತ ಹೆಚ್ಚು ಹೆಂಗಸರು ತೊಂದರೆಗಳನ್ನು ಬಾಯಿಬಿಟ್ಟು ಹೇಳಿದ್ದರು. ಅವರಿಗೆ ನೋವಿನ ಅರಿವಿತ್ತು. ಹಳ್ಳಿಯ ಹೆಂಗಸೆಂದರೆ ಬಸುರಿ, ಬಾಣಂತಿ, ಸಂತಾನಹರಣ ಚಿಕಿತ್ಸೆಗೆ ಬರುವವಳು ಎಂದಷ್ಟೇ ನೋಡುತ್ತಿದ್ದ ಸರ್ಕಾರಿ ಕಾರ್ಯಕ್ರಮಗಳಿಗೆ ಅದು ಇರಲಿಲ್ಲ. ಹಾಗಿದ್ದರೆ ಕೊರತೆ ಯಾರದು?

ಇದೇ ದಂಪತಿ ಅಲ್ಲಿನ ಗೊಂಡರನ್ನು ನಿಮಗೆ ಎಂಥ ಆಸ್ಪತ್ರೆ ಬೇಕು ಎಂದು ಕೇಳಿದಾಗ ಬಂದ ಉತ್ತರಗಳು ಇನ್ನೂ ಚುರುಕಾಗಿವೆ. ದೊಡ್ಡ ಕಟ್ಟಡದೊಳಗೆ ದಾರಿ ತಪ್ಪುತ್ತದೆ. ಬಿಳಿ ಬಟ್ಟೆ ಕಂಡರೆ ಭಯ, ಅದು ಹೆಣಕ್ಕೆ ಹೊದಿಸುವ ಬಣ್ಣ. ರೋಗಿಯನ್ನು ಒಳಗಿಟ್ಟುಕೊಂಡು ಮನೆಯವರನ್ನು ಹೊರಗಟ್ಟುತ್ತೀರಿ. ಹೀಗೆ ಕೇಳಿಸಿಕೊಂಡ ಮೇಲೆ ಅವರು ಗುಡಿಸಲುಗಳ ಗುಂಪಿನಂಥ ಆಸ್ಪತ್ರೆ ಕಟ್ಟಿ, ಅದಕ್ಕೆ ಜನರ ದೇವತೆ ದಂತೇಶ್ವರಿಯ ಹೆಸರಿಟ್ಟರು. ನಮ್ಮ ವ್ಯಕ್ತಿಚಿತ್ರಕಾರರು ಆ ಗುಡಿಸಲಿನ ಫೋಟೋ ಹಾಕಿ ಕೆಳಗೆ ‘ಸರಳತೆ’ ಎಂದು ಬರೆಯುತ್ತಾರೆ. ಅದು ಸರಳತೆಯಲ್ಲ, ನಮ್ಮ ಜಿಲ್ಲಾಸ್ಪತ್ರೆಗಳ ವಾಸ್ತುಶಿಲ್ಪದ ಮೇಲಿನ ಟೀಕೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕ್ಷಯದ ಕತೆ. ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ ಗನಿಯಾರಿ ಎಂಬ ಹಳ್ಳಿಯಿದೆ. ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ಕಟ್ಟಿದ ವೈದ್ಯರು ಒಂದು ಸಾಮಾನ್ಯ ಕೆಲಸವನ್ನು ಬಿಡದೆ ಮಾಡಿದರು: ಬಂದ ರೋಗಿಗಳನ್ನು ತೂಗಿ ಬರೆದಿಟ್ಟರು. 2013ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಶ್ವಾಸಕೋಶದ ಕ್ಷಯವಿದ್ದ 1695 ವಯಸ್ಕರ ಲೆಕ್ಕವಿದೆ. ಗಂಡಸರಲ್ಲಿ ಅರ್ಧದಷ್ಟು ಮಂದಿ ಸುಮಾರು 42 ಕೆ.ಜಿ. ಅಥವಾ ಅದಕ್ಕೂ ಕಡಿಮೆ. ಹೆಂಗಸರಲ್ಲಿ ಅರ್ಧದಷ್ಟು ಮಂದಿ ಸುಮಾರು 34 ಕೆ.ಜಿ. ಅಥವಾ ಅದಕ್ಕೂ ಕಡಿಮೆ. ಮೂವತ್ತನಾಲ್ಕು ಎಂದರೆ ಐದಾರನೇ ತರಗತಿಯ ಮಗುವಿನ ತೂಕ. ಅಷ್ಟು ತೂಕದ ವಯಸ್ಕ ಹೆಂಗಸಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗು ಎಂದು ಹೇಳಿ ಕಳಿಸುವುದು ನಮ್ಮ ಕ್ಷಯ ನಿಯಂತ್ರಣ. ಅವಳು ನಡುವೆ ನಿಲ್ಲಿಸಿದರೆ ಅವಳಿಗೊಂದು ಹೆಸರಿತ್ತು: ‘ಡಿಫಾಲ್ಟರ್’. ಬ್ಯಾಂಕಿನವರು ಸಾಲ ತೀರಿಸದವರಿಗೆ ಹೇಳುವ ಅದೇ ಪದ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ತನ್ನ ವ್ಯಾಖ್ಯೆಗಳಿಂದ ಅದನ್ನು ಕೈಬಿಟ್ಟಿತು. ಆಡುಮಾತಿನಲ್ಲಿ ಅದು ಇನ್ನೂ ಹೋಗಿಲ್ಲ.

ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಆಮೇಲೆ ಮಂಗಳೂರಿಗೆ ಬಂದರು, ಯೇನೆಪೋಯ ವೈದ್ಯಕೀಯ ಕಾಲೇಜಿಗೆ. ಗನಿಯಾರಿಯ ತಕ್ಕಡಿ ಎತ್ತಿದ ಪ್ರಶ್ನೆಯನ್ನು ಅವರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಿಗೆ ಒಯ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಣದಲ್ಲಿ ನಡೆದ ‘ರೇಷನ್ಸ್’ ಎಂಬ ಈ ಅಧ್ಯಯನದಲ್ಲಿ 2800 ರೋಗಿಗಳಿಗೆ ಔಷಧದ ಜೊತೆ ತಿಂಗಳಿಗೆ 10 ಕೆ.ಜಿ. ಆಹಾರದ ಚೀಲ ಕೊಟ್ಟರು. ಅರ್ಧದಷ್ಟು ಪ್ರದೇಶಗಳಲ್ಲಿ ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟರು. 2023ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ಆಹಾರ ಸಿಕ್ಕ ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿತ್ತು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಇವುಗಳಲ್ಲಿ ಯಾವುದಕ್ಕೂ ಪೇಟೆಂಟ್ ಇಲ್ಲ.

‘ಬಡವರಿಗೆ ಊಟ ಬೇಕು ಅಂತ ತಿಳಿಯಲು ಸಂಶೋಧನೆ ಬೇಕಿತ್ತಾ?’ ಎಂದು ನನ್ನ ವಿಭಾಗದ ಗೆಳೆಯನೊಬ್ಬ ನಕ್ಕ. ಬೇಕಿತ್ತು. ಎಲ್ಲರಿಗೂ ಗೊತ್ತಿರುವ ಸತ್ಯಕ್ಕೆ ಬಜೆಟ್ಟಿನಲ್ಲಿ ಜಾಗವಿರುವುದಿಲ್ಲ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ರೂಪಾಯಿಯಾಯಿತು. ಸಾವಿರವಾದರೂ ಸಾಕೇ ಎಂದು ಕೇಳಲು, ರೋಗಿಯ ಮನೆಯವರ ಪಾಲು ಎಲ್ಲಿ ಎಂದು ಕೇಳಲು ಈಗ ನಮ್ಮ ಕೈಯಲ್ಲಿ ಅಂಕಿಯಿದೆ. ‘ಪಾಪ, ಬಡವರು’ ಎಂಬ ನಿಟ್ಟುಸಿರಿನಿಂದ ಈ ಪ್ರಶ್ನೆ ಹುಟ್ಟುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ದುರ್ಬಲ ಸಮುದಾಯಗಳು ಯಾವಾಗಲೂ ಸಂಶೋಧಕರ ಗಣಿಯೇ. ರಕ್ತ ತೆಗೆದುಕೊಂಡು ಹೋದವರು, ಪ್ರಶ್ನಾವಳಿ ತುಂಬಿಸಿಕೊಂಡು ಹೋದವರು, ಹಾಡು ರೆಕಾರ್ಡ್ ಮಾಡಿಕೊಂಡು ಹೋದವರು (ನಮ್ಮ ಜಾನಪದ ವಿಭಾಗಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ) ಮತ್ತೆ ಆ ಹಾಡಿಗೆ ಬರಲಿಲ್ಲ. ರೇಷನ್ಸ್ ಅಧ್ಯಯನದಲ್ಲೂ ಇನ್ನರ್ಧ ಪ್ರದೇಶದ ರೋಗಿಗಳಿಗೆ ಚೀಲ ಸಿಕ್ಕಿತು, ಅವರ ಮನೆಯವರಿಗೆ ಸಿಗಲಿಲ್ಲ. ಹೋಲಿಕೆಗೆ ಅದು ಬೇಕಿತ್ತು. ಹಸಿದ ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇಳೆ ಕೊಟ್ಟು ಉಳಿದವರನ್ನು ಗಮನಿಸುವುದು ಸರಿಯೇ? ನನಗೆ ಸಮಾಧಾನವಿಲ್ಲ. ಆದರೆ ಆ ಹೋಲಿಕೆಯಿಲ್ಲದೆ ಶೇ. 39 ಎಂಬ ಅಂಕಿ ಹುಟ್ಟುತ್ತಿರಲಿಲ್ಲ, ಆ ಅಂಕಿಯಿಲ್ಲದೆ ಲಕ್ಷಾಂತರ ಮನೆಗಳ ಪರವಾಗಿ ವಾದಿಸಲು ಆಗುತ್ತಿರಲಿಲ್ಲ. ಇದು ಕನ್ನಡದಲ್ಲಿ ಜಗಳವಾಡಬೇಕಾದ ವಿಷಯ. ದೇವರೆಂದು ಕರೆದವರ ಜೊತೆ ಜಗಳವಾಡುವುದು ಹೇಗೆ?

ಕನ್ನಡದಲ್ಲಿ ವೈದ್ಯ ಸಾಹಿತ್ಯಕ್ಕೆ ಬರವಿಲ್ಲ. ಅನುಪಮಾ ನಿರಂಜನರ ‘ತಾಯಿ ಮಗು’ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ತಮ್ಮ ಮೈಯ ಬಗ್ಗೆ ತಮ್ಮ ಭಾಷೆಯಲ್ಲಿ ತಿಳಿಸಿತು, ಅದು ಚಿಕ್ಕ ಕೆಲಸವಲ್ಲ. ಆದರೆ ಆಮೇಲೆ ಬಂದ ಬಹುಪಾಲು ಆರೋಗ್ಯ ಅಂಕಣಗಳು ರೋಗಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುತ್ತವೆ: ನೀರು ಕುಡಿಯಿರಿ, ನಡೆಯಿರಿ, ಉಪ್ಪು ಬಿಡಿ. ಆಸ್ಪತ್ರೆ ಹೇಗೆ ನಡೆದುಕೊಳ್ಳುತ್ತಿದೆ ಎಂದು ಹೇಳುವ ಗದ್ಯ ನಮ್ಮಲ್ಲಿ ತೆಳುವಾಗಿದೆ. ಪಕ್ಕದ ಮರಾಠಿಯಲ್ಲಿ ಬಂಗ್ ಮತ್ತು ಸಂಗಡಿಗರು ಶಿಶುಮರಣದ ಲೆಕ್ಕ ಹೇಗೆ ಮುಚ್ಚಿಹೋಗುತ್ತದೆ ಎಂಬ ವರದಿಯನ್ನು ‘ಕೋವಳೀ ಪಾನಗಳ’ ಎಂಬ ಹೆಸರಲ್ಲಿ ತಂದರು. ಎಳೆಯ ಎಲೆಗಳು ಉದುರುವುದು ಎಂದು ಅರ್ಥ. ಒಂದು ಸಮೀಕ್ಷಾ ವರದಿಗೆ ಅಂಥ ಹೆಸರಿಡುವ ಧೈರ್ಯ ನಮ್ಮ ಯಾವ ಇಲಾಖೆಗಿದೆ?

ನಾವು ಮೂವರು ಗೆಳೆಯರು ರೇಷನ್ಸ್ ಅಧ್ಯಯನದ ಸಾವಿನ ಕುರಿತ ಪ್ರಬಂಧವನ್ನು ಕನ್ನಡಕ್ಕೆ ತರಲು ಕೂತಿದ್ದೇವೆ. ಅದು ಲಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಅಂಕಿ ಅಂಶದ ಭಾಗಕ್ಕೆ ಸಂಖ್ಯಾಶಾಸ್ತ್ರ ವಿಭಾಗದ ಒಬ್ಬಳು ಸಿಕ್ಕಿದ್ದಾಳೆ. ತೊಡಕು ಬರುತ್ತಿರುವುದು ಸಣ್ಣ ಪದಗಳಲ್ಲಿ. ‘ಹೌಸ್‌ಹೋಲ್ಡ್ ಕಾಂಟ್ಯಾಕ್ಟ್’ ಎಂಬುದಕ್ಕೆ ‘ಕೌಟುಂಬಿಕ ಸಂಪರ್ಕಿತ’ ಎಂದು ಹಾಕಿ, ಓದಿ, ನಾವೇ ನಕ್ಕು ಹೊಡೆದುಹಾಕಿದೆವು. ಸದ್ಯಕ್ಕೆ ‘ಮನೆಮಂದಿ’ ಎಂದಿಟ್ಟಿದ್ದೇವೆ. ‘ಡಿಫಾಲ್ಟರ್’ ಎದುರಿನ ಜಾಗ ಇನ್ನೂ ಖಾಲಿಯಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಔಷಧ ಅರ್ಧಕ್ಕೆ ನಿಂತುಹೋದವರನ್ನು ಏನೆಂದು ಕರೆಯುತ್ತಾರೆ, ಕೇಳಿ ತಿಳಿಸಿ.