ಹಿತ್ತಲ ಮಾತು: ಗಿನಿ ಕೋಳಿಮರಿಗಳನ್ನು ಮೊದಲ ಸಲ ಹೊರಬಿಡುವಾಗ



ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಿಂದ ಗೃಹಿಣಿಯೊಬ್ಬರು ಬರೆದಿದ್ದಾರೆ: “ಹನ್ನೆರಡು ಗಿನಿ ಕೋಳಿಮರಿ ಸಾಕೀನ್ರಿ. ಈಗ ಎರಡೂವರೆ ತಿಂಗಳಾತು. ತತ್ತಿ ಮಾರಿ ನನ್ನ ಕೈಖರ್ಚಿಗೆ ನಾಕು ರೂಪಾಯಿ ಮಾಡ್ಕೋಬೇಕಂತ ಆಸೆ. ಅತ್ತಿಯವರು ‘ಒಮ್ಮೆ ಬಿಟ್ಟರ ಹಾರಿ ಹೊಳಿ ದಂಡಿ ಸೇರ್ತಾವ, ಹೊಳ್ಳಿ ಬರೂದಿಲ್ಲ’ ಅಂತಾರ. ಬಿಡಲ್ಯೋ, ಬ್ಯಾಡೋ?”

ಬಿಡಿ ತಾಯಿ, ಆದರೆ ಉಪಾಯದಿಂದ ಬಿಡಿ. ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಗಿನಿ ಕೋಳಿ ಆಫ್ರಿಕಾ ಮೂಲದ್ದು. ನಮ್ಮ ಜವಾರಿ ಕೋಳಿಯಷ್ಟು ಸಾಧು ಅಲ್ಲ, ಚೆನ್ನಾಗಿ ಹಾರುತ್ತದೆ, ಕತ್ತಲಾದರೆ ಗಿಡ ಹತ್ತುತ್ತದೆ. ಆದರೆ ಅದಕ್ಕೆ ಒಂದು ಒಳ್ಳೆಯ ಗುಣವಿದೆ. ತನ್ನ ಗುಂಪನ್ನು ಬಿಟ್ಟು ಅದು ದೂರ ಹೋಗದು. ನಮ್ಮ ಉಪಾಯವೆಲ್ಲ ಈ ಗುಣದ ಮೇಲೆಯೇ ನಿಂತಿದೆ.

ಮೊದಲು ಗೂಡು ಅವಕ್ಕೆ ‘ನಮ್ಮ ಮನೆ’ ಅನ್ನಿಸಬೇಕು. ಹೊರಬಿಡುವ ಮುನ್ನ ಎರಡು-ಮೂರು ವಾರವಾದರೂ ಅದೇ ಗೂಡಿನಲ್ಲಿ ಮಲಗಿರಲಿ. ಎತ್ತರದಲ್ಲಿ ಒಂದು ಅಡ್ಡಗೋಲು ಕಟ್ಟಿ, ಜಾಳಿಗೆಯಿಂದ ಹಿತ್ತಲು ಕಾಣುವಂತಿರಲಿ. ದಿನಾ ಸಂಜೆ ಡಬ್ಬಿಯಲ್ಲಿ ನವಣೆಯನ್ನೋ ಸಜ್ಜೆಯನ್ನೋ ಹಾಕಿ ಗಲಗಲ ಅಲ್ಲಾಡಿಸಿ, “ಬಾ ಬಾ” ಎಂದು ಕರೆದು ಒಂದು ಹಿಡಿ ಹಾಕಿ. ಈ ಸಪ್ಪಳವೇ ನಾಳೆ ಅವುಗಳನ್ನು ಹೊಳ್ಳಿ ಕರೆತರುವ ಹಗ್ಗ. ಈ ಕಾಳನ್ನು ಬೇರೆ ವೇಳೆಯಲ್ಲಿ ಕೊಡಬೇಡಿ.

ಮರಿಗಳಿಗೆ ಪೂರ್ತಿ ಪುಕ್ಕ ಬಂದಿರಬೇಕು. ಎಂಟರಿಂದ ಹನ್ನೆರಡು ವಾರದ ಪ್ರಾಯ ಸರಿಯಾದದ್ದು. ಅದಕ್ಕೂ ಮೊದಲು ಬಿಟ್ಟರೆ ಮಳೆಗೆ, ಇಬ್ಬನಿಗೆ ನೆನೆದು ಸೆಡೆತು ಸಾಯುತ್ತವೆ. ಮಳೆ ಹಿಡಿದ ದಿನ ಮೊದಲ ಬಿಡುಗಡೆ ಬೇಡವೇ ಬೇಡ.

ಇನ್ನು ಬಿಡುವ ಕ್ರಮ:

೧. ಹೊತ್ತು ಮುಳುಗಲು ಒಂದು ತಾಸು ಇರುವಾಗ, ಸಂಜೆಯ ಕಾಳು ಹಾಕುವ ಮೊದಲು ಬಿಡಿ. ಹಸಿದಿದ್ದರೆ ಕರೆದಾಗ ಬರುತ್ತವೆ.

೨. ಮೊದಲ ದಿನ ಎರಡೇ ಮರಿ ಹೊರಗೆ, ಹತ್ತು ಒಳಗೆ. ಒಳಗಿನವು ಕೂಗುತ್ತವೆ, ಹೊರಗಿನವು ಗೂಡಿನ ಸುತ್ತಲೇ ಸುತ್ತುತ್ತವೆ.

೩. ಎರಡು ದಿನಕ್ಕೊಮ್ಮೆ ಇನ್ನೆರಡು ಸೇರಿಸಿ. ಹತ್ತು-ಹನ್ನೆರಡು ದಿನದಲ್ಲಿ ಎಲ್ಲವೂ ಹೊರಗೆ ಬಂದಿರುತ್ತವೆ. ಆಮೇಲೆ ಹೊತ್ತನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ.

೪. ಮರಳುವಾಗ ಬಾಗಿಲು ಕಾಣದೆ ಜಾಳಿಗೆಗುಂಟ ಅತ್ತಿತ್ತ ಓಡಿದರೆ ಗಾಬರಿಪಡಿಸಬೇಡಿ. ಎರಡು ಕೈಯಲ್ಲಿ ಎರಡು ಉದ್ದ ಕೋಲು ಹಿಡಿದು ಮೆಲ್ಲಗೆ ಬಾಗಿಲ ಕಡೆ ನಡೆಸಿ. ಹುಡುಗರನ್ನೂ ನಾಯಿಯನ್ನೂ ದೂರವಿಡಿ.

೫. ಕತ್ತಲ ಗೂಡಿಗೆ ಹೊಗಲು ಗಿನಿ ಕೋಳಿ ಅಂಜುತ್ತದೆ. ಒಳಗೊಂದು ಸಣ್ಣ ಬಲ್ಬು ಹಚ್ಚಿಡಿ.

ಒಂದು ಮರಿ ಬೇವಿನ ಗಿಡ ಹತ್ತಿ ಕೂತಿತೆಂದು ಕಲ್ಲು ಬೀರಬೇಡಿ. ಬೆಳಿಗ್ಗೆ ಒಳಗಿನವುಗಳ ಕೂಗು ಕೇಳಿ ತಾನೇ ಇಳಿಯುತ್ತದೆ. ಆದರೆ ಅದು ರೂಢಿಯಾಗಲು ಬಿಡಬೇಡಿ. ರಾತ್ರಿ ಹೊರಗೆ ಗೂಬೆ, ಕಾಡುಬೆಕ್ಕಿನ ಕಾಟ ಇದ್ದೇ ಇದೆ. ಮರುದಿನ ಇನ್ನೂ ಬೇಗ ಕರೆಯಿರಿ. ಒಂದು ರೆಕ್ಕೆಯ ಗರಿ ಕತ್ತರಿಸಿದರೆ ಹಾರುವುದು ನಿಲ್ಲುತ್ತದೇನೋ ಹೌದು, ಆದರೆ ನಾಯಿ ಬೆನ್ನಟ್ಟಿದಾಗ ಪಾರಾಗಲು ಪಾಪ ಅದಕ್ಕಿರುವುದು ಆ ರೆಕ್ಕೆಯೇ.

ಎರೆಹೊಲದ ಸೀಮೆಯ ನಮ್ಮ ಅಕ್ಕತಂಗಿಯರಿಗೆ ಒಂದು ಮುಖ್ಯ ಮಾತು. ಪಕ್ಕದ ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯುವ ದಿನ ಮೊದಲೇ ಕೇಳಿ ತಿಳಿದುಕೊಳ್ಳಿ. ಆ ದಿನವೂ ಮುಂದಿನ ಕೆಲವು ದಿನವೂ ಕೋಳಿ ಗೂಡಿನಲ್ಲೇ ಇರಲಿ. ವಿಷ ತಿಂದ ಹುಳು ತಿಂದರೆ ಕೋಳಿಗೂ ಅಪಾಯ. ಔಷಧ ಹಚ್ಚಿದ ಬಿತ್ತನೆ ಬೀಜವೂ ಅವುಗಳ ಬಾಯಿಗೆ ಸಿಗಬಾರದು.

ಇಷ್ಟೆಲ್ಲ ಯಾಕೆ ಅನ್ನುವಿರಾ? ಹೊರಗೆ ಮೇಯುವ ಗಿನಿ ಕೋಳಿ ಗೆದ್ದಲು, ಮಿಡತೆ, ದನದ ಉಣ್ಣಿ ಆರಿಸಿ ತಿನ್ನುತ್ತದೆ. ಕಾಳಿನ ಖರ್ಚು ಇಳಿಯುತ್ತದೆ. ಜವಾರಿ ಕೋಳಿಯಷ್ಟು ಮಣ್ಣು ಕೆದರುವುದಿಲ್ಲ. ಅಪರಿಚಿತರು ಬಂದರೆ, ಹಾವು ಕಂಡರೆ ಒಕ್ಕೊರಲಿಂದ ಕೂಗಿ ತಿಳಿಸುತ್ತದೆ. ಈ ಕೂಗಿನ ಬಗ್ಗೆ ನೆರೆಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಜಗಳ ತಪ್ಪುತ್ತದೆ! ೧೯೭೯ರಲ್ಲಿ ಸ್ಥಾಪನೆಯಾದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂಬ ಚೆಂದದ ಹೆಸರಿನ ಮೂರು ತಳಿಗಳನ್ನೇ ರೂಪಿಸಿದ್ದಾರೆ.

ತತ್ತಿಗೆ ಮಾತ್ರ ಆತುರ ಬೇಡ. ಏಳೆಂಟು ತಿಂಗಳಾದ ಮೇಲೆ, ಅದೂ ಬೇಸಿಗೆಯಿಂದ ಮಳೆಗಾಲದ ಕಡೆಯವರೆಗೆ ಇಡುವ ಪಕ್ಷಿ ಇದು. ಬೇಲಿಸಂದಿಯಲ್ಲಿ ಬಚ್ಚಿಟ್ಟು ಇಡುವ ಚಾಳಿಯೂ ಉಂಟು. ಆ ದಿನಗಳಲ್ಲಿ ಮಧ್ಯಾಹ್ನ ದಾಟುವ ತನಕ ಗೂಡಿನಲ್ಲೇ ಇಟ್ಟು ಆಮೇಲೆ ಬಿಟ್ಟರೆ ಹೆಚ್ಚಿನ ತತ್ತಿ ನಿಮ್ಮ ಬುಟ್ಟಿಗೇ ಬೀಳುತ್ತದೆ.

ಸಂಗೊಳ್ಳಿಯ ತಂಗಿ, ಮೊದಲ ಸಂಜೆ ಕಾಳಿನ ಡಬ್ಬಿಯನ್ನು ಅತ್ತೆಯವರ ಕೈಗೇ ಕೊಡಿ. ಅವರು ಕರೆದಾಗ ಎರಡು ಮರಿ ಓಡಿ ಬಂದರೆ, ಮುಂದಿನ ಹತ್ತನ್ನು ಬಿಡುವ ಮಾತನ್ನು ಅವರೇ ಎತ್ತಿಯಾರು.