ರೌಟರ್ ಆಫ್ ಮಾಡೋ ಮುಂಚೆ ಎರಡು ನಿಮಿಷ

ಬಹರೇನ್‌ನ ಟುಬ್ಲಿಯಿಂದ ಒಬ್ಬರು ಪ್ರಶ್ನೆ ಕಳಿಸಿದ್ದಾರೆ. ಊರು ಉಡುಪಿ ಕಡೆ, ಕೆಲಸ ಅಲ್ಲಿನ ಒಂದು ಗೋದಾಮಿನ ನೆಟ್‌ವರ್ಕ್ ನೋಡಿಕೊಳ್ಳೋದು. ದಿನಕ್ಕೆ ನಾಲ್ಕೈದು ಸಲ ರೌಟರಿನ ಪ್ರೊಸೆಸರ್ ಬಳಕೆ ಶೇ. 100ಕ್ಕೆ ಏರತ್ತೆ, ಇವರು ಲಾಗಿನ್ ಆಗೋವಷ್ಟರಲ್ಲಿ ಇಳಿದಿರತ್ತೆ. ನಡುವೆ ಬಿಲ್ಲಿಂಗ್ ನಿಲ್ಲತ್ತೆ, ಬೈಗುಳ ಇವರಿಗೆ. ಮೇಲಿನವರು ಹೇಳೋದು ಎರಡೇ ಮಾತು: ರೀಸ್ಟಾರ್ಟ್ ಮಾಡಿ, ಇಲ್ಲಾಂದ್ರೆ ಹೊಸದು ತರಿಸಿ. ನಮ್ಮ ಅಭಿಪ್ರಾಯದಲ್ಲಿ ಎರಡೂ ಆಮೇಲಿನ ಮಾತು. ಮೊದಲು ಬೇಕಾದ್ದು ಸಾಕ್ಷಿ.

ದೊಡ್ಡ ರೌಟರುಗಳಲ್ಲಿ ಪ್ಯಾಕೆಟ್ ಸಾಗಿಸೋಕೆ ಬೇರೆಯೇ ಚಿಪ್ ಇರತ್ತೆ. ದಾರಿಗಳ ಪಟ್ಟಿ ಇಡೋದು, ಎಆರ್‌ಪಿಗೆ ಉತ್ತರಿಸೋದು, ಟಿಟಿಎಲ್ ಮುಗಿದ ಪ್ಯಾಕೆಟ್ ವಿಲೇವಾರಿ ಮಾಡೋದು ಪ್ರೊಸೆಸರಿನ ಪಾಲು. ಸಣ್ಣ ರೌಟರಿನಲ್ಲಿ ಎರಡೂ ಹೊರೆ ಅದರದ್ದೇ. ಹಾಗಾಗಿ ಏರಿಕೆಗೆ ಕಾರಣ ಹಲವು. ಯಾರೋ ಸ್ವಿಚ್‌ನಲ್ಲಿ ತಪ್ಪಾಗಿ ಹಾಕಿದ ಕೇಬಲ್‌ನಿಂದ ಲೂಪ್ ಆಗಿರಬಹುದು. ನಿಗಾ ಇಡೋ ತಂತ್ರಾಂಶವೇ ಎಸ್‌ಎನ್‌ಎಂಪಿ ಮೂಲಕ ಇಡೀ ಪಟ್ಟಿ ಕೇಳ್ತಿರಬಹುದು. ಇಂಥ ಕಾರಣ ಇದ್ದರೆ ಹೊಸ ರೌಟರಿಗೂ ಅದೇ ಗತಿ.

ಇನ್ನೊಂದು ಮೋಸ ಸರಾಸರಿಯದ್ದು. ಐದು ನಿಮಿಷದಲ್ಲಿ 20 ಸೆಕೆಂಡು ಶೇ. 100, ಉಳಿದ 280 ಸೆಕೆಂಡು ಶೇ. 10 ಇದೆ ಅಂದ್ಕೊಳ್ಳಿ. ಸರಾಸರಿ ಬರೋದು ಬರೀ ಶೇ. 16. ಗ್ರಾಫ್ ನೋಡಿದವರು 'ಎಲ್ಲ ಸರಿಯಾಗಿದೆಯಲ್ಲ, ನೀನೇ ಏನೋ ಮಾಡಿರ್ಬೇಕು' ಅಂತಾರೆ.

ಸಿಸ್ಕೋ ಐಒಎಸ್ ಇದ್ದರೆ 'ಶೋ ಪ್ರೊಸೆಸಸ್ ಸಿಪಿಯು ಹಿಸ್ಟರಿ' ಕಳೆದ 72 ಗಂಟೆಗಳ ಗರಿಷ್ಠವನ್ನೂ ತೋರಿಸತ್ತೆ. 'ಸಾರ್ಟೆಡ್' ಅಂತ ಕೇಳಿದರೆ ಮೊದಲ ಸಾಲಿನಲ್ಲಿ 98%/90% ಥರ ಜೋಡಿ ಅಂಕಿ ಬರತ್ತೆ. ಮೊದಲನೆಯದು ಒಟ್ಟು ಬಳಕೆ, ಎರಡನೆಯದು ಅದರಲ್ಲಿ ಇಂಟರಪ್ಟ್ ಪಾಲು. ಎರಡೂ ಹತ್ತಿರ ಇದ್ದರೆ ಸಾಮಾನ್ಯವಾಗಿ ಹಾದುಹೋಗೋ ಟ್ರಾಫಿಕ್ ಹುಡುಕಿ. ಎರಡನೆಯದು ತೀರಾ ಕಡಿಮೆಯಿದ್ದರೆ ಕೆಳಗಿನ ಪಟ್ಟಿಯಲ್ಲಿ ಮೇಲೆ ಕೂತಿರೋ ಪ್ರೋಸೆಸ್ ನೋಡಿ. ಏರಿಕೆ ಆದಾಗ ಈ ಆಜ್ಞೆಗಳನ್ನು ತಾನೇ ಓಡಿಸಿ ಉಳಿಸೋ ಹಾಗೆ ಎಂಬೆಡೆಡ್ ಈವೆಂಟ್ ಮ್ಯಾನೇಜರ್‌ನಲ್ಲಿ ಏರ್ಪಾಡು ಮಾಡಬಹುದು. ನಿದ್ದೆಗೆಟ್ಟು ಕಾಯಬೇಕಿಲ್ಲ.

'ಕೆಲಸ ನಿಂತಿರೋವಾಗ ತನಿಖೆ ಯಾಕೆ?' ಅನ್ನೋದು ನ್ಯಾಯವಾದ ಪ್ರಶ್ನೆಯೇ. ರೌಟರ್ ಪೂರ್ತಿ ನಿಂತಿದ್ದರೆ ರೀಸ್ಟಾರ್ಟ್ ಮಾಡಲೇಬೇಕು. ಆದರೆ ಕನ್ಸೋಲ್ ಸ್ಪಂದಿಸ್ತಿದ್ದರೆ ಮೊದಲು ಎರಡು ನಿಮಿಷ ತಗೊಂಡು ಆ ಉತ್ತರಗಳನ್ನ ಬೇರೆ ಕಡೆ ಉಳಿಸಿ. ರೀಸ್ಟಾರ್ಟ್ ಆದರೆ ಆ 72 ಗಂಟೆಗಳ ಚರಿತ್ರೆಯೂ ಅಳಿಸಿಹೋಗತ್ತೆ.

ಪರದೇಶದಲ್ಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿರುವವರಿಗೆ ಇದು ಬರೀ ತಾಂತ್ರಿಕ ವಿಷಯ ಅಲ್ಲ. ದೋಷ ಎಲ್ಲಿದೆ ಅಂತ ತೋರಿಸೋ ಕಾಗದ ಇಲ್ಲದಿದ್ದರೆ, ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವರ ಮೇಲೇ ಅದು ಬೀಳತ್ತೆ. ಮೇಲಿನವರು ಹೊಸ ರೌಟರಿಗೆ ಸಹಿ ಹಾಕೋ ಮೊದಲು ಒಂದು ವಾರದ ದಾಖಲೆ ಕೇಳಲಿ. ಟುಬ್ಲಿಯ ಗೆಳೆಯರೇ, ನೀವು ಇವತ್ತೇ ದಾಖಲೆ ಶುರು ಮಾಡಿ. ಏನು ಸಿಕ್ಕಿತು ಅಂತ ನಮಗೂ ಬರೀರಿ.