ಬೂಸ್ಟರ್‌ಗಿಂತ ಮೊದಲು ಡಿಶ್ ತಿರುಗಿಸಿ

ಪುಣೆಯ ನಮ್ಮ ಮನೆಗೆ ಬಂದಾಗ ಅಪ್ಪ ಕೇಳುವುದು ಒಂದೇ: ‘ರಾತ್ರಿ ಚಂದನದಲ್ಲಿ ಥಟ್ ಅಂತ ಹೇಳಿ ಬರುತ್ತಾ?’ ಅದಕ್ಕೆಂದೇ ತಾರಸಿಯಲ್ಲಿ ಡಿಡಿ ಫ್ರೀ ಡಿಶ್ ಹಾಕಿಸಿದ್ದೆ. ತಿಂಗಳ ಶುಲ್ಕವಿಲ್ಲ. ಈ ಮಳೆಗಾಲದಲ್ಲಿ ಮಾತ್ರ ಚಿತ್ರ ಚೌಕಚೌಕವಾಗಿ ಒಡೆಯತೊಡಗಿತು. ಪ್ರಶ್ನೆ ಕೇಳಿಸಿದರೆ ಉತ್ತರವಿಲ್ಲ. ‘ಫೋನಲ್ಲೇ ನೋಡಿ ಅಪ್ಪ’ ಅಂದೆ. ಅವರು ಸುಮ್ಮನೆ ಟಿವಿ ಆರಿಸಿದರು.

ರಿಪೇರಿಯವರು ಬೂಸ್ಟರ್ ಹಾಕಿಸಿ ಎಂದರು. ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕುಗ್ಗಿದರೂ ಚುಕ್ಕೆಗಳ ನಡುವೆ ಚಿತ್ರ ಕಾಣುತ್ತಿತ್ತು. ಡಿಜಿಟಲ್ ಹಾಗಲ್ಲ, ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ, ಅದಕ್ಕಿಂತ ಕೆಳಗಿಳಿದರೆ ಏನೂ ಇಲ್ಲ. ಬೂಸ್ಟರ್ ಸಿಗ್ನಲ್ ಜೊತೆ ನಾಯ್ಸನ್ನೂ ಹೆಚ್ಚಿಸುತ್ತದೆ. ಕೇಬಲ್ ತೀರಾ ಉದ್ದವಿದ್ದರೆ ಮಾತ್ರ ಅದು ಉಪಯೋಗಕ್ಕೆ ಬಂದೀತು.

ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿಗಳಿರುತ್ತವೆ. ಕ್ವಾಲಿಟಿಯನ್ನೇ ನೋಡಿ. ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಪುಣೆ, ಮುಂಬೈ, ಚೆನ್ನೈಯಿಂದ ಆಗ್ನೇಯಕ್ಕೆ. ಮಳೆ ನಿಂತ ಮೇಲೆ ಬೋಲ್ಟ್ ಸಡಿಲಿಸಿ, ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ, ಕ್ಷಣ ಕಾಯಿರಿ. ಆಮೇಲೆ ಎಲ್‌ಎನ್‌ಬಿಯನ್ನು ತುಸು ತಿರುಗಿಸಿ. ನೀರಿಳಿದ ಕನೆಕ್ಟರ್ ಬದಲಿಸಿ. ಗುರಿ ಸರಿಯಿದ್ದರೆ ಸಣ್ಣ ಮಳೆಗೆ ಚಿತ್ರ ಹೋಗದು.

ನಾನು ತಾರಸಿಯಲ್ಲಿ, ಅಪ್ಪ ಟಿವಿ ಮುಂದೆ. ‘ನಲವತ್ತು... ಅರವತ್ತು... ನಿಲ್ಲಿಸು!’ ಎಂದು ಫೋನಿನಲ್ಲಿ ಕೂಗಿದರು. ಅರ್ಧ ಗಂಟೆಯ ಕೆಲಸ.

ಹಿರಿಯರ ಕೈಗೆ ಫೋನ್ ಕೊಟ್ಟು ಸುಮ್ಮನಾಗಿಸುವ ಮುನ್ನ, ನಾವು ಒಮ್ಮೆ ತಾರಸಿ ಹತ್ತಬೇಕು.